ತಿಂಗಳ ಕೊನೆಯಲ್ಲೂ ಖುಷಿಯಿಂದ ಕಾಣಿಕೆ ಕೊಡೋದು ಹೇಗೆ? ಮಿಜೋರಾಂನ ಒಂದು ಹಿಡಿ ಅಕ್ಕಿ

ನಮಸ್ಕಾರ. ಹೋದ ವಿಡಿಯೋ ನೋಡಿ ಒಬ್ಬರು ಕೇಳಿದ್ದಾರೆ: "ಬ್ರದರ್, ಸಂತೋಷವಾಗಿ ಕೊಡಿ ಅಂತೀರಿ. ಇಪ್ಪತ್ತೆಂಟನೇ ತಾರೀಖು ಚರ್ಚಿನಲ್ಲಿ ಕಾಣಿಕೆ ಚೀಲ ಎದುರಿಗೆ ಬಂದರೆ ಸಂತೋಷ ಎಲ್ಲಿಂದ ತರಲಿ?"

ಸರಿಯಾಗೇ ಕೇಳಿದ್ದೀರಿ.

[ಪರದೆ: 2 ಕೊರಿಂಥ 8–9]

ಗೊತ್ತಿರೋದನ್ನು ಬೇಗ ಮುಗಿಸೋಣ. ಬೈಬಲಿನ ಹಳೆ ಒಡಂಬಡಿಕೆಯಲ್ಲಿ ದಶಮಾಂಶ, ಹತ್ತರಲ್ಲಿ ಒಂದು ಪಾಲು. ಹೊಸದರಲ್ಲಿ ಅಪೊಸ್ತಲ ಪೌಲ ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಾ ಕೊರಿಂಥ ಊರಿನ ಸಭೆಗೆ ಪತ್ರ ಬರೆಯುತ್ತಾನೆ. ಇಷ್ಟೇ ಕೊಡಿ ಅನ್ನುವುದಿಲ್ಲ. ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಷ್ಟು ಕೊಡಿ, ಬಲವಂತ ಇಲ್ಲ ಅಂತಾನೆ. ಆದರೆ ಅಲ್ಲೇ ಇನ್ನೊಂದು ಮಾತು ಇದೆ: ನಿಮ್ಮ ಬಗ್ಗೆ ಮಕೆದೋನ್ಯ ಸೀಮೆಯ ಸಭೆಯವರ ಹತ್ತಿರ ಹೊಗಳಿಕೊಂಡಿದ್ದೇನೆ, ಅವರು ನನ್ನ ಜೊತೆ ಬಂದಾಗ ನೀವು ರೆಡಿ ಇರದಿದ್ದರೆ ಇಬ್ಬರ ಮರ್ಯಾದೆಯೂ ಹೋಗುತ್ತೆ! ಬಲವಂತ ಇಲ್ಲ, ಆದರೆ ಮರ್ಯಾದೆ ಪ್ರಶ್ನೆ. ನಮ್ಮ ಚರ್ಚ್ ಕಮಿಟಿಯವರು ಇದನ್ನು ಚೆನ್ನಾಗಿ ಕಲಿತಿದ್ದಾರೆ, ಅಲ್ವಾ?

ನಿಮ್ಮ ಪ್ರಶ್ನೆಗೆ ಪೌಲನ ಉತ್ತರ ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿದೆ. ವಾರದ ಮೊದಲ ದಿನವೇ ತೆಗೆದಿಡಿ, ನಾನು ಬಂದ ಮೇಲೆ ವಸೂಲಿ ಬೇಡ. ಅಂದರೆ ಚೀಲ ಬರುವ ಮುಂಚೆಯೇ ಕೊಟ್ಟು ಆಗಿರಬೇಕು.

ಇದನ್ನು ಅಡುಗೆಮನೆಗೇ ತಂದವರು ಮಿಜೋರಾಂನ ಹೆಂಗಸರು.

[ಪರದೆ: ಅಕ್ಕಿ ಪಾತ್ರೆ, ಒಂದು ಕೈ]

ಅಲ್ಲಿ ಇದಕ್ಕೆ 'ಬುಹ್‌ಫಾಯ್ ಥಾಮ್' ಅಂತಾರೆ. ಅಂದರೆ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ಬೇರೆ ಪಾತ್ರೆಗೆ. ಅನ್ನಕ್ಕೆ ಇಡೋ ಮುಂಚೆ, ಉಳಿದ ಮೇಲೆ ಅಲ್ಲ. ಆಮೇಲೆ ಸಭೆಯ ಹೆಂಗಸರು ಮನೆಮನೆಗೆ ಹೋಗಿ ಕೂಡಿಸುತ್ತಾರೆ. ಅದನ್ನು ಮಾರುತ್ತಾರೆ, ಹಣ ಸುವಾರ್ತೆಯ ಕೆಲಸಕ್ಕೆ ಹೋಗುತ್ತೆ.

ಇದು ಶುರುವಾಗಿದ್ದು 1910ರಲ್ಲಿ. ಅಲ್ಲಿ ನೆಲೆಸಿದ ಮೊದಲ ಮಿಷನರಿಗಳಾದ ಲೊರೇನ್ ಮತ್ತು ಸ್ಯಾವಿಜ್ ಬಂದಿದ್ದು 1894ರಲ್ಲಿ. ಹದಿನಾರೇ ವರ್ಷ! ದುಡ್ಡಿನ ಓಡಾಟವೇ ಕಮ್ಮಿ ಇದ್ದ ಗುಡ್ಡಗಾಡು. ದುಡ್ಡಿಲ್ಲ, ಆದರೆ ಅಕ್ಕಿ ಇದೆ.

ಅದೂ ಇಲ್ಲದ ಕಾಲ ಬಂತು. 1911–12ರಲ್ಲಿ 'ಮೌತಾಮ್' ಅನ್ನೋ ಬರಗಾಲ. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿ ಬಿದಿರು ಒಟ್ಟಿಗೆ ಹೂ ಬಿಡುತ್ತೆ. ಬಿದಿರಿನ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. 1959ರಲ್ಲಿ ಮತ್ತೆ ಬಂತು, 2007ರ ಸುಮಾರಿಗೆ ಮತ್ತೆ. ಈ ಮೂರನ್ನೂ ದಾಟಿ ಬಂದ ಹಿಡಿ ಅಕ್ಕಿ ಪದ್ಧತಿ ಇವತ್ತಿಗೂ ನಿಂತಿಲ್ಲ.

ನನಗೆ ಇಷ್ಟವಾಗೋದು ಇದರ ಅಳತೆ. ಪ್ರತಿ ಮನೆಗೂ ಹಿಡಿ ಒಂದೇ. ಶ್ರೀಮಂತರ ಮನೆಯ ಹಿಡಿ ಏನೂ ದೊಡ್ಡದಿರೋಲ್ಲ. ಪಾತ್ರೆಗೆ ಸುರಿದ ಮೇಲೆ ಯಾರದು ಯಾವುದು ಅಂತ ಹೇಳೋಕೂ ಆಗೋಲ್ಲ. ನಮ್ಮಲ್ಲಿ ಫ್ಯಾನ್ ದಾನ ಮಾಡಿ ಮೂರೂ ರೆಕ್ಕೆ ಮೇಲೆ ಹೆಸರು ಬರೆಸುತ್ತೇವೆ. ಓದೋಕಾಗ್ತಿಲ್ಲ, ಸ್ವಲ್ಪ ಆಫ್ ಮಾಡಿ ಅನ್ನಬೇಕು!

ಹಾಗಂತ ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದ ಬೆಳೆಯ ಹರಾಜು ತಪ್ಪು ಅಂತಲ್ಲ. ಒಂದು ಕುಂಬಳಕಾಯಿಗೆ ಅಂಗಡಿ ರೇಟಿನ ಹತ್ತು ಪಟ್ಟು ಕೂಗೋದರಲ್ಲಿ ಮಜಾ ಇದೆ. ಆದರೆ ಅಲ್ಲಿ ಕೊಡಿಸೋದು ಪಕ್ಕದವರು ಕೂಗಿದ ರೇಟು.

ಟೈಮ್ ಆಗ್ತಾ ಬಂತು, ಇನ್ನೆರಡು ಬೇಗ. ಒಂದು, ಪೌಲ ಹಣ ಒಬ್ಬನೇ ಒಯ್ಯಲಿಲ್ಲ; ಯಾರೂ ಬೆರಳು ತೋರಿಸಬಾರದು ಅಂತ ಬೇರೆಯವರನ್ನೂ ಜೊತೆಗೆ ಇಟ್ಟುಕೊಂಡ. ಸಭೆಯ ಲೆಕ್ಕಪತ್ರ ಕೇಳೋದು ಅವಿಶ್ವಾಸವಲ್ಲ, ಕೇಳಿ. ಎರಡು, ಬಡ ವಿಧವೆ ತನ್ನಲ್ಲಿದ್ದ ಎರಡೇ ಕಾಸನ್ನೂ ದೇವಾಲಯದ ಕಾಣಿಕೆಗೆ ಹಾಕಿದ ಕಥೆ. ಅದನ್ನು ಎಲ್ಲರೂ ಪ್ರಸಂಗ ಮಾಡ್ತಾರೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ ಯೇಸು ವಿಧವೆಯರ ಮನೆಗಳನ್ನೇ ನುಂಗುವವರನ್ನು ಬೈದಿದ್ದಾನೆ. ಆ ಭಾಗ ಮಾತ್ರ ಯಾಕೋ ಕಾಣಿಕೆ ಭಾನುವಾರ ಓದೋದಿಲ್ಲ. ಅದಕ್ಕೆ ಬೇರೆ ವಿಡಿಯೋ ಬೇಕು ಅಂದರೆ ಕೆಳಗೆ ಬರೆಯಿರಿ.