ಅರ್ಕಾವತಿ ಹರಿಯಬೇಕಾದರೆ

ಕೇಳುಗರಿಗೆ ನಮಸ್ಕಾರ.

ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ಹೊಳೆ ಅರ್ಕಾವತಿ. ಕಾವೇರಿ ನೀರು ಬರುವ ಮುಂಚೆ ಬೆಂಗಳೂರು ಕುಡಿದದ್ದು ಇದರ ನೀರನ್ನು. ತಿಪ್ಪಗೊಂಡನಹಳ್ಳಿ ಜಲಾಶಯ ಆಗಿದ್ದು 1933ರಲ್ಲಿ. ಈಗ ಮೇಲುಭಾಗದ ಹಳ್ಳಗಳು ಜೋರು ಮಳೆಯಾದ ದಿನ ಮಾತ್ರ ಹರಿಯುತ್ತವೆ.

ಮಳೆ ಕಮ್ಮಿಯಾಯ್ತು ಅನ್ನೋದು ಸುಲಭದ ಮಾತು. ಮಳೆಯ ಲೆಕ್ಕ ತೆಗೆದು ನೋಡಿದವರಿಗೆ ಹೊಳೆ ಬತ್ತುವಷ್ಟು ಇಳಿಕೆ ಕಂಡಿಲ್ಲ. ಕೊಳವೆಬಾವಿ ಮತ್ತು ನೀಲಗಿರಿ ತೋಪು, ಇವೆರಡೇ ದೊಡ್ಡ ಕಾರಣ. ಮಳೆ ನಿಂತ ಮೇಲೂ ಹೊಳೆ ಹರಿಯುವುದು ನೆಲದ ಒಸರಿನಿಂದ. ಅಂತರ್ಜಲ ಹೊಳೆಯ ತಳಕ್ಕಿಂತ ಮೇಲಿದ್ದರೆ ನೆಲ ಹೊಳೆಗೆ ಕೊಡುತ್ತದೆ. ಕೆಳಗಿಳಿದರೆ ಹೊಳೆಯದನ್ನೇ ಹೀರಿಕೊಳ್ಳುತ್ತದೆ.

ಹೀಗಿರುವಾಗ ಜೆಸಿಬಿ ಇಳಿಸಿ ಹೊಳೆಯನ್ನು ನೆಟ್ಟಗೆ ತೋಡಿದರೆ ಕೆಡುವುದೇ ಹೆಚ್ಚು. ನೀರಿನ ವೇಗ ಏರುತ್ತದೆ, ದಂಡೆ ಕೊರೆಯುತ್ತದೆ, ಬೇಸಿಗೆಯಲ್ಲಿ ಮೀನು ಉಳಿಯುವ ಮಡುಗಳು ಅಳಿಯುತ್ತವೆ. ಕೆಲಸ ಶುರುವಾಗಬೇಕಾದ್ದು ಗುಡ್ಡದ ನೆತ್ತಿಯಿಂದ. ಒಂದು ಹೆಕ್ಟೇರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. ಅದನ್ನು ಬಿದ್ದಲ್ಲೇ ನಿಧಾನಿಸಬೇಕು.

ಸಣ್ಣ ಕೊರಕಲಿಗೆ ಕಲ್ಲುತಡೆ ಸಾಕು. ಎತ್ತರ ಒಂದು ಮೀಟರ್ ಮೀರಬಾರದು. ಎರಡೂ ದಂಡೆಯೊಳಗೆ ಅರ್ಧ ಮೀಟರ್ ಅಗೆದು ಕಲ್ಲನ್ನು ಹುಗಿಯಬೇಕು, ಇಲ್ಲದಿದ್ದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ದೊಡ್ಡ ಕಲ್ಲು ಹೊರಗೆ, ಚಿಕ್ಕದು ಒಳಗೆ. ನೀರು ಧುಮುಕುವ ಕಡೆ ಇಳಿಜಾರು ಹೆಚ್ಚು ಚಾಚಿರಲಿ, ನೆತ್ತಿಯ ನಡುಭಾಗ ಅಂಚಿಗಿಂತ ತಗ್ಗಿರಲಿ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮನಾಗುವ ಹಾಗೆ ಅಂತರ ಬಿಟ್ಟರೆ ಮಣ್ಣು ಮೆಟ್ಟಿಲಿನಂತೆ ನಿಲ್ಲುತ್ತದೆ. ಸಿಮೆಂಟ್ ಬೇಡ, ಕಲ್ಲಿನ ಸಂದಿಯಲ್ಲಿ ನೀರು ಸೋರಬೇಕು.

ಇಲ್ಲೊಂದು ಎಚ್ಚರಿಕೆ, ಇದನ್ನು ಯಾರೂ ಕೇಳಲು ಇಷ್ಟಪಡುವುದಿಲ್ಲ. ಹಳ್ಳದುದ್ದಕ್ಕೂ ಚೆಕ್‌ಡ್ಯಾಮ್ ಕಟ್ಟುತ್ತಾ ಹೋದರೆ ಪಕ್ಕದ ತೋಟದ ಬಾವಿ ತುಂಬೀತು, ಕೆಳಗಿನ ಊರಿನ ಕೆರೆ ಬತ್ತೀತು. ಇಂಗಿದ್ದನ್ನೆಲ್ಲ ಹೊಸ ಬೋರು ಎತ್ತಿದರೆ ಹೊಳೆಗೆ ಏನೂ ಉಳಿಯದು. ಎಷ್ಟು ಇಂಗಿಸುತ್ತೀರೋ ಅದರ ಜೊತೆಗೇ ಬೆಳೆಯ ನೀರಿನ ಲೆಕ್ಕವೂ ಆಗಬೇಕು.

ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಿದ ಮೋಟು ಮತ್ತೆ ಚಿಗುರುತ್ತದೆ, ಬುಡಸಮೇತ ಕೀಳಬೇಕು. ದಂಡೆಗೆ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ, ನೀರಿನ ಅಂಚಿಗೆ ಲಾವಂಚ ಹೊಂದುತ್ತವೆ. ನೆರಳಿದ್ದರೆ ನೀರು ತಂಪಾಗಿರುತ್ತದೆ, ಅತ್ತಿ ಹಣ್ಣಿಗೆ ಹಕ್ಕಿ ಬರುತ್ತವೆ, ಬೇರು ಮಣ್ಣನ್ನು ಹಿಡಿಯುತ್ತದೆ. ಕೆರೆಯ ಹೂಳು ಎತ್ತುವಾಗ ತಳದ ಜೇಡಿಪದರ ಒಡೆಯಬೇಡಿ, ನೀರು ನಿಲ್ಲುವುದಿಲ್ಲ. ಎತ್ತಿದ ಹೂಳು ಹೊಲಕ್ಕೆ ಒಳ್ಳೆಯದು, ಚರಂಡಿ ನೀರು ಸೇರುವ ಕೆರೆಯದಾದರೆ ಮೊದಲು ಪರೀಕ್ಷೆ ಮಾಡಿಸಿ. ವೃಷಭಾವತಿಯಂತೆ ಕೊಳಚೆ ತರುವ ಉಪನದಿಗೆ ಕಲ್ಲುತಡೆಯಿಂದ ಉಪಯೋಗವಿಲ್ಲ, ಅಲ್ಲಿ ಮೊದಲು ಶುದ್ಧೀಕರಣ.

ಫಲ ಬಂತೋ ಇಲ್ಲವೋ ತಿಳಿಯಲು ಹಗ್ಗ, ತೂಕದ ಕಲ್ಲು, ಒಂದು ನೋಟ್‌ಬುಕ್ ಸಾಕು. ನಾಲ್ಕೈದು ತೆರೆದ ಬಾವಿಗಳನ್ನು ಆರಿಸಿ, ಪ್ರತಿ ತಿಂಗಳು ಅದೇ ತಾರೀಖಿಗೆ, ಬೆಳಿಗ್ಗೆ ಪಂಪ್ ಹಾಕುವ ಮುಂಚೆ ನೀರಿನ ಮಟ್ಟ ಅಳೆದು ಬರೆದಿಡಿ. ಹಳ್ಳ ಮಳೆ ನಿಂತ ಮೇಲೆ ಎಷ್ಟು ದಿನ ಹರಿಯಿತು ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವುದರಿಂದ ಎರಡು ವರ್ಷದ ಅಂಕಿ ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ.

ನಮಸ್ಕಾರ.