2 ಬೇರೆ, 13 ಬೇರೆ

ನಮಸ್ಕಾರ. ಲಿನಕ್ಸ್‌ನಲ್ಲಿ ಫೈಲ್ ತೆರೆಯೋಕೆ ಹೋಗಿ ಎರರ್ ನಂಬರ್ 2 ಬಂದ್ರೆ, ಫೈಲೇ ಇಲ್ಲ ಅಂತ. 13 ಬಂದ್ರೆ, ನಿಮಗೆ ಅನುಮತಿ ಇಲ್ಲ ಅಂತ. ಈ ಎರಡನ್ನೂ ಒಂದೇ ಥರ ನೋಡೋ ಲೈಬ್ರರಿಗಳ (ಬೇರೆ ಪ್ರೋಗ್ರಾಂಗಳು ಕರೆದು ಬಳಸೋ ಸಿದ್ಧ ಕೋಡ್‌ಗಳ) ಬಗ್ಗೆ ನನಗೆ ದೊಡ್ಡ ತಕರಾರಿದೆ.

ಒಂದು ಸರ್ವಿಸ್ ಇದೆ ಅಂದ್ಕೊಳ್ಳಿ. ಎಲ್ಲ ಅಧಿಕಾರ ಇರೋ ರೂಟ್ ಯೂಸರ್ ಆಗಿ ಶುರುವಾಗಿ, ಆಮೇಲೆ ಸಾಮಾನ್ಯ ಯೂಸರ್ ಆಗಿ ಬದಲಾಗುತ್ತೆ. ಆದ್ರೆ ಯೂಸರ್‌ನ ಮನೆ, ಅಂದ್ರೆ ಹೋಮ್ ಡೈರೆಕ್ಟರಿ, ಎಲ್ಲಿದೆ ಅಂತ ಹೇಳೋ ಹೋಮ್ ವೇರಿಯೇಬಲ್ ಮಾತ್ರ ಇನ್ನೂ ರೂಟ್ ಮನೆಯನ್ನೇ ತೋರಿಸ್ತಿರುತ್ತೆ. ಒಳಗಿರೋ ಲೈಬ್ರರಿಗೆ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡೋ ಟೂಲ್) ರೆಪೊಸಿಟರಿ ಓದಬೇಕು, ಅದಕ್ಕೆ ಗಿಟ್‌ನ ಸೆಟ್ಟಿಂಗ್ ಇರೋ ಕಾನ್ಫಿಗ್ ಫೈಲ್ ಹುಡುಕಿಕೊಂಡು ಆ ಮನೆಗೆ ಹೋಗುತ್ತೆ. ರೂಟ್ ಯೂಸರ್‌ನ ಹೋಮ್ ಡೈರೆಕ್ಟರಿಗೆ ಸಾಮಾನ್ಯವಾಗಿ 700 ಪರ್ಮಿಷನ್, ಹೊರಗಿನವರಿಗೆ ಒಳಗೆ ಇಣುಕೋಕೂ ಆಗಲ್ಲ. ಹಾಗಾಗಿ ಅಲ್ಲಿ ಅಂಥ ಫೈಲೇ ಇಲ್ಲದಿದ್ರೂ ಬರೋದು 13! ರೆಪೊಸಿಟರಿ ಚೆನ್ನಾಗೇ ಇದೆ, ಓದೋಕೂ ಬರುತ್ತೆ, ಆದ್ರೂ ಸರ್ವಿಸ್ ಬಾಗಿಲಲ್ಲೇ ಕುಸಿದು ಬೀಳುತ್ತೆ. ಗಿಟ್‌ಗೇ ಈ ಪೆಟ್ಟು ಬಿದ್ದಿತ್ತು. 2013ರ 1.8.3 ಆವೃತ್ತಿಯಲ್ಲಿ ಅದನ್ನ ಬರೆಯೋರು, 13 ಬಂದ್ರೆ ನಿಂತುಬಿಡೋ ಈ ಬಿಗಿಯನ್ನ ಹೋಮ್ ಡೈರೆಕ್ಟರಿ ಮಟ್ಟಿಗೆ ಸಡಿಲಿಸಿದ್ರು.

ಹಾಗಾದ್ರೆ 13 ಬಂದಾಗೆಲ್ಲ ಸುಮ್ಮನೆ ಮುಂದೆ ಹೋಗೋದಾ? ಅದನ್ನೂ ನಾನು ಒಪ್ಪಲ್ಲ. ಆ ಫೈಲ್‌ನಲ್ಲಿ ಸುರಕ್ಷತೆಗೆ ಅಂತ ಯಾರೋ ಒಂದು ನಿರ್ಬಂಧ ಬರೆದಿಟ್ಟಿರಬಹುದು. ಅದನ್ನ ಓದದೆ, ಓದಿಲ್ಲ ಅಂತ ಹೇಳದೆ ಮುಂದೆ ಹೋಗೋದು ಅಪಾಯ. ತೀರ್ಮಾನ ಲೈಬ್ರರಿದಲ್ಲ, ಅದನ್ನ ಕರೆದ ಪ್ರೋಗ್ರಾಮಿನದು. ಲೈಬ್ರರಿ ಎರರ್ ಕೊಡಲಿ, ಕರೆದವರು ಬೇಕಾದ್ರೆ ದಾಟಿ ಹೋಗಲಿ. ಬೇರೆಯವರ ಕಾನ್ಫಿಗ್ ನೋಡಲೇಬೇಡ ಅಂತ ಹೇಳೋಕೂ ಒಂದು ದಾರಿ ಇರಲಿ. ಗಿಟ್ ಕೆಲಸ ಮಾಡೋ ಲೈಬ್ರರಿ ಲಿಬ್‌ಗಿಟ್2ರಲ್ಲಿ ಕಾನ್ಫಿಗ್ ಹುಡುಕೋ ಜಾಗವನ್ನ ನಾವೇ ಬದಲಿಸಬಹುದು, ಅದು ಸರಿಯಾದ ಕ್ರಮ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಪರ್ಮಿಷನ್ ಎರರ್ ಅಂದ ತಕ್ಷಣ 777, ಅಂದ್ರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟುಬಿಡಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಾಸ್‌ವರ್ಡ್ ಫೈಲ್ ಮೇಲೆ ಹಾಗೆ ಮಾಡಿ ನೋಡಿದ್ರೆ, ಅದರ ಲೈಬ್ರರಿ ಆ ಫೈಲನ್ನ ಪಕ್ಕಕ್ಕೆ ತಳ್ಳುತ್ತೆ. ಅದಕ್ಕೆ 0600 (ಮಾಲೀಕರಷ್ಟೇ ಓದಿ ಬರೆಯಬಹುದು) ಬೇಕು, ಇಲ್ಲಾ ಅದಕ್ಕಿಂತ ಬಿಗಿ ಬೇಕು. ಬೇರೆಯವರೂ ಓದಬಹುದಾದ ಪಾಸ್‌ವರ್ಡನ್ನ ಅದು ನಂಬಲ್ಲ, ನಂಬಲೂಬಾರದು. ಮೊದಲು ನೋಡಬೇಕಾದ್ದು ಪ್ರೋಗ್ರಾಂ ಯಾವ ಯೂಸರ್ ಆಗಿ ಓಡ್ತಿದೆ, ಹೋಮ್ ಎಲ್ಲಿಗೆ ತೋರಿಸ್ತಿದೆ ಅನ್ನೋದು.

ಲೈಬ್ರರಿ ಬರೆಯೋರಿಗೆ ನನ್ನ ಕೋರಿಕೆ ಒಂದೇ: ಬರೀ 'ಅನುಮತಿ ಇಲ್ಲ' ಅಂತ ಬರೆದು ಬಿಡಬೇಡಿ. ಯಾವ ಫೈಲ್ ಅನ್ನೋ ಪೂರ್ತಿ ಪಾತ್, ಯಾವ ಯೂಸರ್ ಅನ್ನೋದು, ಎರಡನ್ನೂ ಅದೇ ಸಾಲಲ್ಲಿ ಹಾಕಿ.