ಪಿಟೀಲಿನಲ್ಲಿ ಒಂದು ಯುದ್ಧ: ಸಾಲ್ಜ್‌ಬರ್ಗ್‌ನ ಬೀಬರ್

ಈಗ ಕಾಣುತ್ತಿದೆಯಲ್ಲ, ಇದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಿನ ಸಾಲ್ಜಾಖ್ ನದಿ. ಮೇಲೆ ಗುಡ್ಡದಲ್ಲಿರುವುದು ಕೋಟೆ. ಸಾಲ್ಜ್‌ಬರ್ಗ್‌ಗೆ ಬಂದವರೆಲ್ಲ ಮೊಜಾರ್ಟ್ ಹುಟ್ಟಿದ ಮನೆ ಹುಡುಕಿಕೊಂಡು ಹೋಗುತ್ತಾರೆ. ನಾನು ಬಂದಿದ್ದು ಅವನಿಗಿಂತ ನೂರು ವರ್ಷ ಹಿರಿಯನಾದ ಒಬ್ಬ ಪಿಟೀಲುಗಾರನಿಗಾಗಿ. ಹೈನ್ರಿಖ್ ಬೀಬರ್.

ಹುಟ್ಟಿದ್ದು 1644ರಲ್ಲಿ, ಬೊಹೀಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ. ಯುರೋಪಿನಲ್ಲಿ 1618ರಲ್ಲಿ ಶುರುವಾದ 'ಮೂವತ್ತು ವರ್ಷಗಳ ಯುದ್ಧ' ಇನ್ನೂ ಮುಗಿದಿರಲಿಲ್ಲ. ದೊಡ್ಡವನಾದ ಮೇಲೆ ಒಬ್ಬ ಬಿಷಪ್ ಹತ್ತಿರ ಕೆಲಸಕ್ಕಿದ್ದ. 1670ರಲ್ಲಿ ವಾದ್ಯ ಖರೀದಿಗೆ ಅಂತ ಕಳಿಸಿದರೆ, ಹೋದವನು ವಾಪಸ್ ಬರಲೇ ಇಲ್ಲ. ಈ ಊರು ಸೇರಿಬಿಟ್ಟ!

1673ರಲ್ಲಿ ಅವನು ಬರೆದದ್ದು 'ಬಟಾಲಿಯಾ'. ಅಂದರೆ ಕಾಳಗ. ಚಿಕ್ಕ ಚಿಕ್ಕ ತುಣುಕುಗಳ ಮಾಲೆ, ಒಟ್ಟು ಹತ್ತು ನಿಮಿಷ ಅಷ್ಟೇ. ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಯೋಲಾ, ತಗ್ಗು ಸ್ವರದ ದೊಡ್ಡ ತಂತಿವಾದ್ಯ ಬಾಸ್, ಜೊತೆಗೆ ಕಂಟಿನ್ಯುಯೊ, ಅಂದರೆ ಕೆಳಗಿನಿಂದ ಆಸರೆ ಕೊಡುವ ಪಕ್ಕವಾದ್ಯ. ಕಂಟಿನ್ಯುಯೊ ನುಡಿಸುವವರ ಮುಂದೆ ಇರುವುದು ಕೆಳಗಿನ ಸ್ವರಗಳ ಒಂದು ಸಾಲು. ಕೆಲವು ಕಡೆ ಅದರ ಜೊತೆ ಅಂಕಿಗಳೂ ಇರುತ್ತವೆ. ಉಳಿದದ್ದನ್ನು ಅವರೇ ಕೈಯಾರೆ ತುಂಬಬೇಕು. ನಮ್ಮಲ್ಲಿ ಮನೋಧರ್ಮ ಅನ್ನುತ್ತೇವಲ್ಲ, ಅದರ ಒಂದು ಎಳೆ ಇಲ್ಲೂ ಇದೆ.

ಎರಡನೇ ತುಣುಕಿನಲ್ಲಿ ಸೈನಿಕರು ಕುಡಿದಿದ್ದಾರೆ. ಎಂಟು ಹಾಡು, ಬೇರೆ ಬೇರೆ ಶ್ರುತಿಯಲ್ಲಿ, ಒಟ್ಟಿಗೆ! ಕೇಳಿದವರು ತಪ್ಪು ಅಂದುಕೊಳ್ಳಬಾರದು ಅಂತಲೋ ಏನೋ, ಕುಡುಕರು ಕಿರುಚುವುದೇ ಹೀಗೆ ಅಂತ ಬೀಬರ್ ಪುಟದಲ್ಲೇ ಬರೆದಿದ್ದಾನೆ.

ಈಗ ಇವರ ಕೈ ನೋಡಿ. ನನ್ನ ಗೆಳತಿ, ಬಾಸ್ ನುಡಿಸುತ್ತಾಳೆ. ಅಭ್ಯಾಸ ನೋಡಲು ಕರೆದಿದ್ದಳು. ಒಂದು ಕಾಗದ ಹರಿದಳು, ಎರಡು ಬೆರಳಷ್ಟು ಅಗಲ. ಒಂದು ತಂತಿಯ ಮೇಲೆ, ಪಕ್ಕದ್ದರ ಕೆಳಗೆ, ಹೀಗೆ ನೇಯ್ದಳು. ಕಮಾನು ಎಳೆದಾಗ ತಂತಿಯ ನಾದ ಮಾಯ. ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಸೈಡ್ ಡ್ರಮ್ ಇದೆಯಲ್ಲ, ಆ ಕರಕರ ಸದ್ದು. ಅದರ ಮೇಲೆ ಒಂದೇ ಒಂದು ಪಿಟೀಲು, ಸೈನ್ಯದ ಕೊಳಲಿನ ಹಾಗೆ. ಕಾಗದ ಹಾಕಿ ಅಂತ ಬರೆದವನೂ ಬೀಬರನೇ, 350 ವರ್ಷದ ಹಿಂದೆ.

ಕಾಳಗ ಶುರುವಾದ ಮೇಲೆ ಬಾಸ್‌ನವರಿಗೆ ಕಮಾನು ಬೇಡ. ಬಲಗೈಯಿಂದ ತಂತಿಯನ್ನು ಜೋರಾಗಿ ಎಳೆದು ಬಿಡಬೇಕು. ಅದೇ ಫಿರಂಗಿ. ನಾನು ಎರಡೇ ಗಜ ದೂರ ಕೂತಿದ್ದೆ, ಎದೆಗೇ ಬಡಿದ ಹಾಗಾಯಿತು.

ಈ ಕೃತಿಯ ಬಗ್ಗೆ ಮಾತಾಡುವವರು ಜಾಸ್ತಿ ಹೇಳುವುದು ಈ ಚಮತ್ಕಾರಗಳನ್ನೇ. ನನಗೆ ಹೇಳಬೇಕಾಗಿರುವುದು ಆಮೇಲಿನದು. ಯುದ್ಧ ಮುಗಿದರೆ ಗೆದ್ದವರ ಕಹಳೆ ಬರಬೇಕು, ಅಲ್ವಾ? ಬರುವುದಿಲ್ಲ. ಕೊನೆಯ ತುಣುಕಿನ ಹೆಸರು 'ಗಾಯಗೊಂಡ ಬಂದೂಕುಧಾರಿಗಳ ಗೋಳು'. ಯಾರು ಗೆದ್ದರು, ಯಾರು ಸೋತರು, ಒಂದು ಮಾತೂ ಇಲ್ಲ. ಸ್ವರಗಳು ಮೆಲ್ಲಗೆ ಕೆಳಗಿಳಿಯುತ್ತವೆ, ಉಸಿರು ಸಾಲದವರ ಹಾಗೆ.

ಗೆಳತಿ ತೆಗೆದಿಟ್ಟ ಕಾಗದದ ಚೂರು ಅವಳ ಕಾಲ ಬಳಿಯೇ ಬಿದ್ದಿದೆ ನೋಡಿ. ಈಗ ಶುರು ಮಾಡುತ್ತಾರೆ. ನಾನು ಸುಮ್ಮನಿರುತ್ತೇನೆ, ನೀವು ಹೆಡ್‌ಫೋನ್ ಹಾಕಿಕೊಳ್ಳಿ.